ಕಾಫಿ ಕೊಡದ ಲಾಯರೂ ಇನ್ನು ನಲವತ್ತೆರಡು ಜನವೂ

ನನಗೆ ಮೂರು ಇಮೇಲ್ ವಿಳಾಸಗಳಿದ್ದವು. ಅವುಗಳಲ್ಲಿ ಎರಡರ ಪಾಸ್‌ವರ್ಡ್ ಮರೆತುಹೋಗಿತ್ತು. ಮೂರನೆಯದಕ್ಕೆ ಯಾರೂ ಬರೆಯುತ್ತಿರಲಿಲ್ಲ. ಇಷ್ಟು ಅರ್ಹತೆಯ ಮೇಲೆ ತುಮಕೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಇಂಟರ್‌ನೆಟ್ ಪಂಡಿತನಾಗಿ ಮೆರೆಯುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಕಾಲ. ನನಗೆ ಇಪ್ಪತ್ತೆರಡು ವಯಸ್ಸು, ಬಿ.ಕಾಂ.ನಲ್ಲಿ ಎರಡು ಸಬ್ಜೆಕ್ಟ್ ಇನ್ನೂ ಪಾಸಾಗಬೇಕಿತ್ತು, ಜಗತ್ತು ನನಗಾಗಿ ಕಾಯುತ್ತಿದೆ ಎಂಬ ನಂಬಿಕೆ ಮಾತ್ರ ಎಂದೋ ಪಾಸಾಗಿತ್ತು. ಮರಳೂರಿನ ಮನೆಯಿಂದ ಸೈಕಲ್ ತುಳಿದುಕೊಂಡು ಬಂದು ಒಂಬತ್ತೂವರೆಗೆ ಕಂಪ್ಯೂಟರ್ ಮುಂದೆ ಕೂತರೆ, ಅದು ಶುರುವಾಗುವಷ್ಟರಲ್ಲಿ ಒಂದು ಟೀ ಮುಗಿಯುತ್ತಿತ್ತು.

ಪ್ರೆಸ್ಸು ಸಾಹೇಬರದು. ಅವರ ತಂದೆ ಕಾಲಲ್ಲಿ ತುಳಿಯುವ ಮಿಷನ್ನು ಇಟ್ಟು ಶುರುಮಾಡಿದ್ದು. ನಿಕಾಹ್ ಕಾರ್ಡೂ ಅಲ್ಲೇ, ಮಠದ ಆಹ್ವಾನ ಪತ್ರಿಕೆಯೂ ಅಲ್ಲೇ, ಅಕ್ಕಿ ಗಿರಣಿಯ ಬಿಲ್ ಪುಸ್ತಕವೂ ಅಲ್ಲೇ. ಡಿಸೈನ್ ಮಾಡುತ್ತಿದ್ದವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಕಾರ್ಡಿನಲ್ಲಿ ವರನ ಕಡೆಯವರ ಹೆಸರು ಎಷ್ಟೇ ಇದ್ದರೂ ಒಂದನ್ನೂ ಬಿಡದೆ ಕೂರಿಸುವ ಜಾಣೆ. ಇನ್ನೊಬ್ಬರು ಲೈನ್ ಯಜಮಾನರು. ಈ ಕಥೆ ಅವರದು. ನಾನು ಬರೀ ಅಪಘಾತ.

ಲೈನ್ ಎಂದರೆ ಊರೂರು ಸುತ್ತಿ ಆರ್ಡರು ತರುವ ದಾರಿ. ಸೋಮವಾರ, ಶನಿವಾರ ಕುಣಿಗಲ್ ಲೈನು, ಗುರುವಾರ ಗುಬ್ಬಿ ಲೈನು. ಅಚ್ಚಿಗೆ ಹೋಗುವ ಮುಂಚೆ ತಪ್ಪಿದೆಯೇ ನೋಡಿ ಗಿರಾಕಿ ಸಹಿ ಹಾಕಿ ಕೊಡಬೇಕಾದ ಹಾಳೆಗೆ ಪ್ರೂಫ್ ಎನ್ನುತ್ತಾರಲ್ಲ, ಅದನ್ನು ಯಜಮಾನರು ಕ್ಯಾನ್ವಾಸ್ ಬ್ಯಾಗಿನಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ಹಣೆಗೆ ವಿಭೂತಿ, ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಡೈರಿ, ಕಂಕುಳಲ್ಲಿ ಆ ಬ್ಯಾಗು. ಮಳೆ ಬಂದರೆ ತಾವು ನೆನೆದು ಬ್ಯಾಗಿಗೆ ಕೊಡೆ ಹಿಡಿಯುತ್ತಿದ್ದ ಮನುಷ್ಯ. ಇಪ್ಪತ್ತು ವರ್ಷದಿಂದ ಹೀಗೇ.

ಹೀಗಿರುವಾಗ ಸಾಹೇಬರು ಇಂಟರ್‌ನೆಟ್ ಹಾಕಿಸಿದರು.

ಅದು ಫೋನಿನ ವೈರಿನಲ್ಲೇ ಬರುತ್ತಿತ್ತು. ಯಾರಾದರೂ ಫೋನ್ ಎತ್ತಿದರೆ ನೆಟ್ಟು ಸತ್ತುಹೋಗುತ್ತಿತ್ತು. ಕನೆಕ್ಟ್ ಆಗುವಾಗ ಅದು ಮಾಡುತ್ತಿದ್ದ ಕಿರುಚಾಟ ಕೇಳಿ ಮಿಷನ್ನಿನವರು ಮೊದಲ ದಿನ ಓಡಿಬಂದು ನೋಡಿದ್ದರು. ಒಂದು ವಾರದಲ್ಲಿ ಸಾಹೇಬರು ನಮ್ಮನ್ನೆಲ್ಲ ಕೂರಿಸಿ ಹೇಳಿದರು:

"ನೋಡ್ರಪ್ಪಾ, ಗಿರಾಕಿಗಳ ಇಮೇಲ್ ಒಬ್ಬೊಬ್ರ ಹತ್ರ ಒಂದೊಂದು ಐತೆ. ನನ್ ಹತ್ರ ವಿಸಿಟಿಂಗ್ ಕಾರ್ಡು, ಅಕ್ಕನ ಹತ್ರ ಚೀಟಿ, ಯಜಮಾನ್ರ ಹತ್ರ ಡೈರಿ. ಎಲ್ಲಾ ಒಂದ್ ಲಿಸ್ಟ್ ಆಗ್ಬೇಕು. ಆ ಲಿಸ್ಟು ಎಲ್ರ ಹತ್ರಾನೂ ಇರ್ಬೇಕು. ಒಬ್ರು ರಜಾ ಹಾಕಿದ್ರೆ ಇನ್ನೊಬ್ರು ಪ್ರೂಫ್ ಕಳಿಸ್ಬೇಕು. ಇನ್ಮೇಲೆ ಪ್ರೂಫೆಲ್ಲ ಮೇಲಲ್ಲೇ."

ಯಜಮಾನರು ಬ್ಯಾಗಿನ ಜಿಪ್ಪು ಎಳೆಯುತ್ತಾ, ಬಿಡುತ್ತಾ ಕೂತಿದ್ದರು. "ಹಂಗಾದ್ರೆ ಲೈನು, ಸಾಹೇಬ್ರೇ?"

"ಮೂರು ತಿಂಗ್ಳು ನೋಡಾಣ ಯಜಮಾನ್ರೇ. ಮೇಲಲ್ಲೇ ಕೆಲ್ಸ ನಡೆದ್ರೆ ಈ ವಯಸ್ಸಲ್ಲಿ ನೀವ್ಯಾಕೆ ಬಸ್ಸಲ್ಲಿ ಒದ್ದಾಡ್ಬೇಕು? ಇಲ್ಲೇ ಕೌಂಟರಲ್ಲಿ ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳಿ."

ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಯಜಮಾನರ ಮುಖ ನೋಡಿದರೆ ಯಾರೋ ಫ್ಯಾನಿಗೇ ನೇತುಹಾಕುತ್ತೇನೆ ಎಂದ ಹಾಗಿತ್ತು.

ಅವತ್ತು ಟೀ ಅಂಗಡಿಯಲ್ಲಿ ಅವರು ನನ್ನನ್ನು ಹಿಡಿದುಕೊಂಡರು. "ಏನ್ಲಾ, ನೀನೇನೋ ಟಕಟಕ ಒತ್ತಿ ಕಳಿಸ್ಬುಡ್ತೀಯಂತೆ. ಹಾಗಲವಾಡಿ ಹೆಡ್ಮಾಸ್ಟ್ರು ಕನ್ನಡಕ ಎಲ್ಲಿಟ್ಟವ್ರೆ ಅಂತ ನಿನ್ ಕಂಪ್ಯೂಟರ್ ಹುಡುಕ್ಕೊಡ್ತದೇನ್ಲಾ?"

"ಅದೆಲ್ಲ ಮುಂದಿನ್ ವರ್ಷ ಬರುತ್ತೆ ಯಜಮಾನ್ರೇ" ಎಂದೆ ನಾನು. ಆಗ ನನಗೆ ಎಲ್ಲದಕ್ಕೂ ಉತ್ತರ ಇರುತ್ತಿತ್ತು.

ಅವರು ನಗಲಿಲ್ಲ. ಅರ್ಧ ಟೀಯನ್ನು ಬಿಟ್ಟು ಎದ್ದರು. "ಲೈನ್ ಯಜಮಾನ್ರು ಅಂತಾರೆ ಕಣ್ಲಾ ನನ್ನ. ಲೈನ್ ತಗಂಡ್ರೆ ಬರೀ ಯಜಮಾನ. ಅಂಥವ್ರು ಬೀದಿಗೆ ಹತ್ತು ಜನ ಅವ್ರೆ" ಎಂದು ಹೊರಟುಹೋದರು.

ಅವರು ಬಿಟ್ಟುಹೋದ ಅರ್ಧ ಟೀಯನ್ನು ಒಂದು ಗಳಿಗೆ ನೋಡಿದೆ. ಆಮೇಲೆ ಬಜ್ಜಿ ತಿಂದೆ.

ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಸಾಹೇಬರು ಸ್ವೀಟಿನ ಡಬ್ಬದ ತುಂಬ ವಿಸಿಟಿಂಗ್ ಕಾರ್ಡುಗಳನ್ನು ನನ್ನ ಮುಂದೆ ಸುರಿದರು. ಅದರಲ್ಲಿ ಎರಡು ಕಾರ್ಡಿಗೆ ಇನ್ನೂ ಜಾಮೂನಿನ ಪಾಕ ಅಂಟಿತ್ತು. ಅಕ್ಕ ಮಾನಿಟರಿಗೆ ಅಂಟಿಸಿಕೊಂಡಿದ್ದ ಚೀಟಿಗಳನ್ನು ಕಿತ್ತು ಕೊಟ್ಟರು. ಯಜಮಾನರು ಮಾತ್ರ ಡೈರಿ ಕೊಡಲಿಲ್ಲ. "ನಾನು ಹೇಳ್ತೀನಿ, ನೀನು ಬರ್ಕೋ" ಎಂದರು. ಡೈರಿ ಕೈಬಿಟ್ಟರೆ ಪ್ರಾಣ ಹೋಗುತ್ತದೆ ಎಂಬಂತೆ ಎದೆಗೆ ಆನಿಸಿಕೊಂಡೇ ಒಂದೊಂದು ಪುಟ ತೆರೆದು ತೋರಿಸಿದರು.

ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇಮೇಲ್ ವಿಳಾಸಗಳನ್ನು ಗಿರಾಕಿಗಳ ಕೈಯಿಂದಲೇ ಬಸ್ ಟಿಕೆಟ್ಟಿನ ಹಿಂದೆ ಬರೆಸಿಕೊಂಡು ಬಂದು ಡೈರಿಯಲ್ಲಿ ಅಂಟಿಸಿದ್ದರು. ನಾನು ಬಗ್ಗಿ ಟಿಕೆಟ್ ನೋಡಬೇಕು, ಅವರು ಅದು ಯಾರದೆಂದು ಹೇಳಬೇಕು. ಅಸಲಿ ತೊಂದರೆ ಬಂದದ್ದು ಅಲ್ಲೇ. ಕುಣಿಗಲ್ ಕಡೆ ಯಡಿಯೂರಿನ ದೇವರ ಹೆಸರನ್ನು ಮನೆಗೊಬ್ಬರಿಗಾದರೂ ಇಟ್ಟಿರುತ್ತಾರೆ. ಯಜಮಾನರ ಡೈರಿಯಲ್ಲಿ ಒಂದೇ ಹೆಸರಿನವರು ಒಂಬತ್ತು ಜನ. ಇನಿಶಿಯಲ್ಲಿನಿಂದ ಗುರುತು ಹಿಡಿಯೋಣವೆಂದರೆ ಅದರಲ್ಲೂ ನಾಲ್ವರದು ಒಂದೇ.

"ಇದು ಯಾರ್ದು ಯಜಮಾನ್ರೇ?"

"ಅದಾ? ಕಾಫಿ ಕೊಡದ ಲಾಯರ್ರು."

"ಇದು?"

"ಮೂರ್ ಸಲ ಬ್ಯಾಡ ಅನ್ನೋ ರೈಸ್ ಮಿಲ್ಲು. ನಾಕನೇ ಸಲಕ್ಕೆ ಆರ್ಡರ್ ಕೊಡ್ತಾರೆ. ಅಲ್ಲೀಗಂಟ ಕುಂತಿರ್ಬೇಕು, ಎದ್ದು ಬರ್ಬಾರ್ದು."

"ಇದು?"

"ಹೆಂಡ್ತೀನ ಕೇಳ್ತೀನಿ ಡಾಕ್ಟ್ರು."

ಹೀಗೇ ಗುಬ್ಬಿಯ ನಿದ್ದೆ ಹಾರ್ಡ್‌ವೇರಿನವರು ಬಂದರು. ಊಟವಾದ ಮೇಲೆ ನಾಲ್ಕು ಗಂಟೆಯವರೆಗೆ ಅವರನ್ನು ಎಬ್ಬಿಸಬಾರದು. ಹಾಗಲವಾಡಿಯ ಕೆಂಪು ಪೆನ್ ಹೆಡ್ಮಾಸ್ಟರು ಬಂದರು. ಪ್ರೂಫಿನಲ್ಲಿ ತಪ್ಪು ಸಿಗದಿದ್ದರೆ ಅವರಿಗೆ ಅವತ್ತು ಊಟ ಸೇರುವುದಿಲ್ಲ. ತಮ್ಮ ಫೋಟೋ ಚಿಕ್ಕದಾಯಿತು ಎಂದು ಅಳುವ ಕಲ್ಯಾಣ ಮಂಟಪದವರು ಬಂದರು. ಯಜಮಾನರ ಮುಖ ನಿಧಾನವಾಗಿ ಅರಳತೊಡಗಿತು. ಯಾರ ಬಳಿ ಎಷ್ಟು ಹೊತ್ತಿಗೆ ಹೋಗಬೇಕು, ಯಾರ ಮುಂದೆ ಯಾರ ಹೆಸರು ಎತ್ತಬಾರದು, ಎಲ್ಲ ಹೇಳಿದರು. ನಾನು ಬೆರಳು ಮುರಿಯುವ ಹಾಗೆ ಒತ್ತುತ್ತಾ ಹೋದೆ. ಕೊನೆಗೆ ತಮಾಷೆಗೆ, "ನಮ್ ಸಾಹೇಬ್ರನ್ನ ಏನಂತ ಹಾಕ್ಲಿ?" ಎಂದು ಕೇಳಿದೆ. ಅವರು ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಬೈದು ಟೀ ಕುಡಿಸೋರು" ಎಂದರು.

ಈಗ ನನ್ನ ಬುದ್ಧಿವಂತಿಕೆಯ ವಿಷಯ. ನಮ್ಮ ಮೇಲಿನಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ವಿಳಾಸದ ಪಕ್ಕ ಹೆಸರು ಬರೆಯಲು ಒಂದು ಖಾನೆ ಇತ್ತು. ಒಂಬತ್ತು ಜನಕ್ಕೂ ಅದೇ ಹೆಸರು ಬರೆದರೆ ಲಾಯರ ಲೆಟರ್‌ಹೆಡ್ಡು ಡಾಕ್ಟರಿಗೆ ಹೋಗುವುದಿಲ್ಲವೇ? ಅದಕ್ಕೇ ನಾನು ಯಜಮಾನರು ಹೇಳಿದ್ದನ್ನೇ ಅಕ್ಷರ ಬಿಡದೆ ಆ ಖಾನೆಯಲ್ಲಿ ಹಾಕಿದೆ. ಕಾಫಿ ಕೊಡದ ಲಾಯರ್. ಹೆಂಡ್ತೀನ ಕೇಳ್ತೀನಿ ಡಾಕ್ಟ್ರು. ಕಾರ್ಡು, ಚೀಟಿಯವರನ್ನೂ, ಸಾಹೇಬರನ್ನೂ ಸೇರಿಸಿ ಒಟ್ಟು ನಲವತ್ತಮೂರು. ಇಷ್ಟು ಸ್ಪಷ್ಟವಾದ ವಿಳಾಸಪಟ್ಟಿ ಅಂಚೆ ಇಲಾಖೆಯ ಬಳಿಯೂ ಇರಲಿಲ್ಲ ಎಂದು ಇವತ್ತಿಗೂ ವಾದ ಮಾಡಬಲ್ಲೆ.

ಫ್ಲಾಪಿಯಲ್ಲಿ ಹಾಕಿ ಅಕ್ಕನಿಗೆ ಒಂದು ಪ್ರತಿ ಕೊಟ್ಟೆ. ಸಾಹೇಬರಿಗೆ ಪ್ರಿಂಟ್ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟೆ. ಅವರು ದಪ್ಪ ಇದೆಯೇ ಎಂದಷ್ಟೇ ನೋಡಿ ತಲೆಯಾಡಿಸಿದರು. ಯಜಮಾನರಿಗೂ ಒಂದು ಪ್ರಿಂಟ್ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಡೈರಿಯಲ್ಲಿ ಸಿಕ್ಕಿಸಿಕೊಂಡರು. ಅದರಲ್ಲಿ ತಮ್ಮದೇ ಮಾತುಗಳಿವೆ ಎಂದು ಅವರಿಗೆ ಗೊತ್ತಾಗುವಂತಿರಲಿಲ್ಲ.

ಅಕ್ಕ ಮಾತ್ರ ಓದಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು: "ಹೆಸ್ರಿನ್ ಜಾಗದಲ್ಲಿ ಇದನ್ನ ಹಿಂಗೇ ಬಿಡ್ತೀಯೇನೋ? ಬೇಡ ಕಣೋ."

"ಇದು ನಮ್ ಒಳಗಿನ್ ವಿಷ್ಯ ಅಕ್ಕಾ. ಹೊರಗ್ನೋರ್ಗೆ ಎಲ್ಲಿ ಕಾಣುತ್ತೆ?" ಎಂದೆ.

ಶುಕ್ರವಾರ ಮಧ್ಯಾಹ್ನ ಸಾಹೇಬರು ನಮಾಜಿಗೆ ಹೊರಡುವ ಮುಂಚೆ, "ಇವತ್ತು ಎಲ್ರಿಗೂ ಒಂದ್ ಮೇಲ್ ಹಾಕ್ಬುಡು. ಇನ್ಮೇಲೆ ಪ್ರೂಫ್ ಹಿಂಗೇ ಬರುತ್ತೆ ಅಂತ. ಮರ್ಯಾದೆಯಾಗಿ ಬರಿ" ಎಂದರು. ನಾನು ಬಹಳ ಮರ್ಯಾದೆಯಾಗಿ ಬರೆದೆ. "ನಮ್ಮ ಗೌರವಾನ್ವಿತ ಗ್ರಾಹಕರೇ" ಎಂದು ಶುರುಮಾಡಿ, "ತಮ್ಮಂಥ ಮಹನೀಯರ ಆಶೀರ್ವಾದ" ಎಂದು ಮುಗಿಸಿದೆ. ಒಬ್ಬೊಬ್ಬರಿಗೆ ಕಳಿಸುವುದು ದಡ್ಡರ ಕೆಲಸವೆಂದು ನಲವತ್ತಮೂರು ಜನರನ್ನೂ ಒಂದೇ ಸಲ ಸಾಲಾಗಿ ನಿಲ್ಲಿಸಿ ಬಟನ್ ಒತ್ತಿದೆ. ಎರಡು ಸಲ ನೆಟ್ಟು ಕಡಿದುಹೋಯಿತು. ಎರಡು ಸಲ ದೇವರೇ ನನಗೆ ಅವಕಾಶ ಕೊಟ್ಟಿದ್ದ. ನಾನು ಬಿಡಲಿಲ್ಲ. ಮೂರನೆಯ ಸಲಕ್ಕೆ ಹೋಯಿತು.

ನನಗೆ ಗೊತ್ತಿಲ್ಲದಿದ್ದ ಒಂದೇ ಒಂದು ಸಂಗತಿ ಎಂದರೆ, ಆ ಖಾನೆಯಲ್ಲಿ ನಾವು ಏನು ಬರೆದಿರುತ್ತೇವೋ ಅದು ಪತ್ರದ ತಲೆಯ ಮೇಲೆ ವಿಳಾಸದ ಜೊತೆಯಲ್ಲೇ ಹೋಗುತ್ತದೆ. ಪತ್ರ ಪಡೆದವರೆಲ್ಲರಿಗೂ ಕಾಣುತ್ತದೆ. ತಮ್ಮದೂ ಕಾಣುತ್ತದೆ, ಪಕ್ಕದವರದೂ ಕಾಣುತ್ತದೆ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು. ಎತ್ತಿದೆ.

"ನಮಸ್ಕಾರ. ಕಾಫಿ ಕೊಡದ ಲಾಯರ್ ಮಾತಾಡ್ತಾ ಇದೀನಿ."

ಪಟ್ಟಿಯ ವಿಷಯ ನಾನೇ ಹೇಳಿದ್ದ ಗೆಳೆಯರು ಯಾರೋ ಆಟ ಆಡುತ್ತಿದ್ದಾರೆ ಎಂದುಕೊಂಡೆ. "ಏನ್ಲೇ, ಕೊಡಪ್ಪಾ ಹಂಗಾದ್ರೆ ಒಂದ್ ಕಾಫಿನ" ಎಂದುಬಿಟ್ಟೆ. ಆ ಕಡೆ ನಿಶ್ಶಬ್ದ. ಆ ನಿಶ್ಶಬ್ದಕ್ಕೆ ಕಪ್ಪು ಕೋಟು ಇತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ. "ನಿಮ್ ಯಜಮಾನ್ರು ಇವತ್ತು ಕುಣಿಗಲ್ಲಿಗೆ ಬರೋ ದಿನ ಅಲ್ವಾ? ಬರ್ಲಿ" ಎಂದು ಫೋನ್ ಇಟ್ಟರು.

ಇಟ್ಟ ತಕ್ಷಣ ಮತ್ತೆ ಹೊಡೆದುಕೊಂಡಿತು. ರೈಸ್ ಮಿಲ್ಲಿನವರು. ಅವರಿಗೆ ಇಮೇಲ್ ಓದಲು ಬರುವುದಿಲ್ಲ, ವಿಳಾಸ ಮಗನದು. ಆ ಪುಣ್ಯಾತ್ಮ ರಾತ್ರಿ ಊಟಕ್ಕೆ ಕೂತಾಗ ನಲವತ್ತಮೂರನ್ನೂ ಮನೆಯವರ ಮುಂದೆ ಗಟ್ಟಿಯಾಗಿ ಓದಿದ್ದನಂತೆ. "ನಾನು ಮೂರ್ ಸಲ ಬ್ಯಾಡ ಅಂತೀನೇನಯ್ಯಾ? ಇವಾಗ ಒಂದೇ ಸಲ ಹೇಳ್ತೀನಿ ಕೇಳು. ನಿಮ್ ಪ್ರೆಸ್ಸೇ ಬ್ಯಾಡ ನಂಗೆ."

ಕುಣಿಗಲ್ ಲೈನಿನಲ್ಲಿ ಅತಿ ದೊಡ್ಡ ಗಿರಾಕಿ ಅವರೇ. ಬಿಲ್ ಪುಸ್ತಕ, ಮೂಟೆಯ ಚೀಟಿ, ಹೊಸ ವರ್ಷದ ಕ್ಯಾಲೆಂಡರು, ಎಲ್ಲ ನಮ್ಮಲ್ಲೇ. ಅವರು ಹೋದರೆ ಆ ಲೈನೇ ಹೋದಂತೆ. ಸಾಹೇಬರಿಗೆ ಮೂರು ತಿಂಗಳು ಕಾಯುವ ಅಗತ್ಯವೂ ಇರುವುದಿಲ್ಲ. ಯಜಮಾನರು ಸೋಮವಾರದಿಂದಲೇ ಫ್ಯಾನಿನ ಕೆಳಗೆ.

ಮತ್ತು ಅವರು ಆಗಲೇ ಎಂಟು ಗಂಟೆಯ ಬಸ್ಸಿಗೆ ಕುಣಿಗಲ್ಲಿಗೆ ಹೋಗಿಯಾಗಿತ್ತು. ಮೊಬೈಲ್ ಇಲ್ಲ. ನಡೆದದ್ದು ಒಂದಕ್ಷರ ಗೊತ್ತಿಲ್ಲ. ನಗುನಗುತ್ತಾ ಬ್ಯಾಗು ಹಿಡಿದುಕೊಂಡು, ನಾನು ಹೊತ್ತಿಸಿಟ್ಟ ಬೆಂಕಿಯೊಳಗೆ ಒಂದೊಂದೇ ಅಂಗಡಿ ಹತ್ತುತ್ತಿದ್ದಾರೆ.

ಅಕ್ಕ ಕಂಪ್ಯೂಟರಿನಲ್ಲಿ ಪತ್ರ ತೆಗೆದು ನೋಡಿ ಹಣೆ ಚಚ್ಚಿಕೊಂಡರು. "ಹೇಳ್ದೆ ತಾನೇ ನಾನು? ಎದ್ದೇಳೋ! ಹೋಗಿ ಅವ್ರನ್ನ ಹಿಡ್ಕೋ. ಸಾಹೇಬ್ರಿಗೆ ನಾನ್ ಹೇಳ್ಕೋತೀನಿ."

"ಸಾಹೇಬ್ರೂ ಅದ್ರಲ್ಲಿ ಅವ್ರೆ ಅಕ್ಕಾ."

ಅಕ್ಕ ಮತ್ತೆ ಪರದೆ ನೋಡಿದರು. "ಹಂಗಾದ್ರೆ ಬೇಗ ಹೋಗು" ಎಂದರು.

ಕುಣಿಗಲ್ ಬಸ್ಸು ಅವತ್ತು ನಿಂತಷ್ಟು ಕಡೆ ಯಾವತ್ತೂ ನಿಂತಿರಲಿಕ್ಕಿಲ್ಲ. ಹೆಬ್ಬೂರಿನಲ್ಲಿ ಡ್ರೈವರು ಇಳಿದು ಟೀ ಕುಡಿಯಲು ಹೋದಾಗ ನಾನೇ ಬಸ್ಸು ಓಡಿಸಿಬಿಡಲೇ ಎನಿಸಿತು. ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿಕೊಂಡೆ. "ತಪ್ಪೆಲ್ಲ ನನ್ನದು, ಯಜಮಾನ್ರು ಏನೂ ಹೇಳಿಲ್ಲ, ನಾನೇ ಕಟ್ಟಿ ಬರೆದೆ." ಮೂರು ಸಲ ಉರುಹೊಡೆದೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ತುಟಿ ಅಲ್ಲಾಡುವುದನ್ನು ನೋಡಿ, "ಪರೀಕ್ಷೇನಪ್ಪಾ?" ಎಂದು ಕೇಳಿದರು. ಹೌದೆಂದೆ.

ಕುಣಿಗಲ್ಲಿನಲ್ಲಿ ಇಳಿದು ಡಾಕ್ಟರ ಕ್ಲಿನಿಕ್ಕಿಗೆ ಓಡಿದೆ. ಕಾಂಪೌಂಡರು, "ಈಗ್ ಹೋದ್ರು. ಡಾಕ್ಟ್ರು ಹೆಂಡ್ತಿ ಕೆಳಗ್ ಬಂದು, ನಿಮ್ಮಷ್ಟು ಸರಿಯಾಗಿ ಯಾರೂ ಹೇಳಿರ್ಲಿಲ್ಲ ಅಂತ ಕಾಫಿ ಕೊಟ್ಟು ಕಳಿಸಿದ್ರು" ಎಂದ. ಡಾಕ್ಟರು ಒಳಗೆ ಬಹಳ ಗಂಭೀರವಾಗಿ ಯಾರದೋ ನಾಲಿಗೆ ನೋಡುತ್ತಿದ್ದರು. ಅಲ್ಲಿಂದ ಲಾಯರ ಆಫೀಸಿಗೆ ಓಡಿದೆ.

ಯಜಮಾನರು ಅಲ್ಲಿದ್ದರು. ಕಟಕಟೆಯಲ್ಲಿ ನಿಂತವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಲಾಯರ ಕೈಯಲ್ಲಿ ನನ್ನ ಪತ್ರದ ಪ್ರಿಂಟ್. ಎಲ್ಲ ಓದಿ ಹೇಳಿಯಾಗಿತ್ತು ಎಂದು ಯಜಮಾನರ ಕಿವಿಯ ಬಣ್ಣದಿಂದಲೇ ತಿಳಿಯುತ್ತಿತ್ತು. ನಾನು ಒಳಗೆ ನುಗ್ಗಿ ಭಾಷಣ ಶುರುಮಾಡಿದೆ: "ಸಾರ್, ತಪ್ಪೆಲ್ಲ ನಂದು, ಯಜಮಾನ್ರು ಏನೂ..."

"ಸುಮ್ಕಿರ್ಲಾ" ಎಂದರು ಯಜಮಾನರು. ನನ್ನ ಕಡೆ ನೋಡಲಿಲ್ಲ, ಲಾಯರ ಕಡೆಯೇ ನೋಡಿದರು. "ಬರ್ದೋನು ಇವ್ನೇ ಸ್ವಾಮಿ. ಹೇಳಿದ್ದು ನಾನು. ಹೇಳ್ದೆ ಇದ್ರೆ ಇವ್ನ್ಗೆಲ್ಲಿ ಗೊತ್ತಾಗ್ಬೇಕು ನೀವು ಕಾಫಿ ಕೊಡಲ್ಲ ಅಂತ?"

ಲಾಯರು ಕನ್ನಡಕ ತೆಗೆದರು. "ಇಪ್ಪತ್ತು ವರ್ಷದಿಂದ ಬರ್ತಾ ಇದೀಯ. ಒಂದ್ ಸಲನಾದ್ರೂ ಕೇಳಿದೀಯೇನಯ್ಯಾ?"

"ಕೇಳಿದ್ರೆ ಅದಕ್ಕೂ ಫೀಸ್ ಹಾಕ್ತೀರೇನೋ ಅಂತ ಭಯ ಸ್ವಾಮಿ."

ಲಾಯರು ಕನ್ನಡಕವನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಲಾಯರ ಹೊಟ್ಟೆ ಅಲ್ಲಾಡತೊಡಗಿತು, ಮೇಜು ಅಲ್ಲಾಡಿತು, ಮೇಜಿನ ಮೇಲಿದ್ದ ಫೈಲು ಜಾರಿತು. ಅವರು ಜೂನಿಯರನ್ನು ಕರೆದು ಮೂರು ಕಾಫಿ ಹೇಳಿದರು. "ಇವ್ನಿಗೂ ಕೊಡು. ಬೆಳಿಗ್ಗೆ ಫೋನಲ್ಲಿ ಕೇಳ್ದ" ಎಂದು ನನ್ನನ್ನು ತೋರಿಸಿದರು.

ಹೊರಗೆ ಬಂದ ಮೇಲೆ ಯಜಮಾನರು ಮಿಲ್ಲಿನ ಕಡೆ ಹೆಜ್ಜೆ ಹಾಕಿದರು. ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಹೇಳಿದರು: "ಲಾಯರ್ರು ನಗೋರು, ನಕ್ಕರು. ಮಿಲ್ಲೋರು ನಗಲ್ಲ ಕಣ್ಲಾ. ಅದು ಹೋದ್ರೆ ಮುಗೀತು ನನ್ ಕತೆ." ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. ಕೊಡಿ ನಾನು ಹಿಡಿಯುತ್ತೇನೆ ಎಂದರೆ ಕೊಡಲಿಲ್ಲ.

ಮಿಲ್ಲಿನ ಮಾಲೀಕರು ಅಕ್ಕಿ ಮೂಟೆಗಳ ಮಧ್ಯೆ ಮರದ ಕುರ್ಚಿಯಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಮುಖ ತಿರುಗಿಸಿದರು.

"ನಂಗೆ ನಿಮ್ ಪ್ರೆಸ್ಸಿನ್ ಸವಾಸ ಬ್ಯಾಡ."

ಯಜಮಾನರು ನಮಸ್ಕಾರ ಮಾಡಿ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ನನ್ನನ್ನೂ ಎಳೆದು ಕೂರಿಸಿದರು. ಕ್ಷಮೆ ಕೇಳಲಿಲ್ಲ, ವಿವರಿಸಲಿಲ್ಲ. "ಸೊಸೆ ತವರಿಂದ ಬಂದ್ರಾ?" ಎಂದು ಕೇಳಿದರು.

"ಬಂದ್ಲು. ನೀನ್ ಮಾತ್ ತಿರುಗಿಸ್ಬ್ಯಾಡ. ಮನೇಲಿ ಎಲ್ರೂ ನನ್ನ ನೋಡಿ ನಗ್ತವ್ರೆ. ಬೆಳಿಗ್ಗೆ ಇನ್ನೊಂದ್ ಇಡ್ಲಿ ಬ್ಯಾಡ ಅಂದ್ರೆ ನನ್ ಸೊಸೆ ಸುಮ್ನೆ ನಿಂತವ್ಳೆ, ಇನ್ನೂ ಎರಡ್ ಸಲ ಅನ್ನಲಿ ಅಂತ. ಬ್ಯಾಡ, ನಡೀರಿ."

ನಾನು ಏಳಲು ಹೋದೆ. ಯಜಮಾನರು ನನ್ನ ಷರ್ಟಿನ ಅಂಚು ಹಿಡಿದು ಕೆಳಗೆ ಎಳೆದರು. ಎರಡು ಆಗಿತ್ತು. ನಾನು ಎಣಿಸುತ್ತಿದ್ದೆ. ಅವರೂ ಎಣಿಸುತ್ತಿದ್ದರು ಎಂದು ಷರ್ಟಿನ ಮೇಲಿನ ಬೆರಳಿನಿಂದ ತಿಳಿಯಿತು. ಮಿಷನ್ನಿನ ಬೆಲ್ಟು ಟಪಟಪ ಓಡುತ್ತಿತ್ತು. ತೌಡಿನ ಧೂಳು ಮೂಗಿಗೆ ಹತ್ತಿ ನನಗೆ ಸೀನು ಬಂತು. ಈ ಹೊತ್ತಿನಲ್ಲಿ ಸೀನಿದರೆ ಪ್ರೆಸ್ಸೇ ಮುಳುಗುತ್ತದೆ ಎಂದು ಮೂಗು ಹಿಂಡಿಕೊಂಡು ಕೂತೆ. ಕಣ್ಣಲ್ಲಿ ನೀರು ಸುರಿಯಿತು. ಮಿಲ್ಲಿನವರು ಅದನ್ನು ನೋಡಿದರು. ಪಶ್ಚಾತ್ತಾಪ ಎಂದುಕೊಂಡಿರಬೇಕು.

"ಈ ಹೈದ್ನೇನಾ ಬರ್ದೋನು? ಅಳ್ತವ್ನಲ್ಲಯ್ಯಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಏನ್ ಅತ್ರೂ ನಂಗ್ ಬ್ಯಾಡ" ಎಂದರು.

ಮೂರು.

ಯಜಮಾನರು ನಿಧಾನವಾಗಿ ಬ್ಯಾಗಿನ ಜಿಪ್ಪು ಎಳೆದರು, ಪ್ರೂಫ್ ಹಾಳೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಯಾರ ಕಡೆಗೂ ಚಾಚಲಿಲ್ಲ. ಮಿಲ್ಲಿನವರು ಅದನ್ನು ಓರೆಗಣ್ಣಿನಲ್ಲಿ ನೋಡಿದರು. ಮತ್ತೆ ನೋಡಿದರು. ಆಮೇಲೆ ಕೈ ಚಾಚಿ ಕಿತ್ತುಕೊಂಡು, "ಹೋದ್ ಸಲ ಫೋನ್ ನಂಬರ್ ಸಣ್ಣಕ್ ಹಾಕಿದ್ರಿ. ದಪ್ಪಕ್ ಹಾಕಿ. ಬಿಲ್ ಬುಕ್ ಮೂವತ್ತು ಸಾಕು" ಎಂದು ಸಹಿ ಹಾಕಿದರು.

ಆಗ ನಾನು ಸೀನಿದೆ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಸೀನು ಸೀನಿರಲಿಲ್ಲ. ಮೂಟೆಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ತುಮಕೂರಿಗೆ ವಾಪಸು ಬಂದಾಗ ನಾಲ್ಕೂವರೆ. ಸಾಹೇಬರು ಮೇಜಿನ ಗಾಜು ಎತ್ತಿ ಪಟ್ಟಿಯನ್ನು ಹೊರಗೆ ತೆಗೆದು ಇಟ್ಟುಕೊಂಡು ಕೂತಿದ್ದರು. ಅಕ್ಕ ತಲೆ ತಗ್ಗಿಸಿ ಯಾವುದೋ ಕಾರ್ಡಿಗೆ ಬಳ್ಳಿ ಬಿಡಿಸುತ್ತಿದ್ದರು. ಬೇಕಾದ್ದಕ್ಕಿಂತ ಹೆಚ್ಚು ಬಳ್ಳಿ ಬಿಡಿಸಿಯಾಗಿತ್ತು.

ಮೊದಲು ನನಗೆ ಬಿತ್ತು. ಕಾಲು ಗಂಟೆ. ಕನ್ನಡ ಮುಗಿದ ಮೇಲೆ ಉರ್ದುವಿಗೆ ಹೋದರು. ನನಗೆ ಅರ್ಥವಾಗಲಿಲ್ಲ, ಆದರೆ ಧಾಟಿ ಚೆನ್ನಾಗಿತ್ತು. ಮತ್ತೆ ಕನ್ನಡಕ್ಕೆ ಬಂದು, "ಮರ್ಯಾದೆಯಾಗಿ ಬರಿ ಅಂದ್ರೆ ಇದೇನಯ್ಯಾ ಬರ್ದಿದ್ದು? ನಲವತ್ಮೂರು ಮನೇಲಿ ನಮ್ ಮರ್ಯಾದೆ ಹಂಚಿದೀಯ!" ಎಂದರು. ಆಮೇಲೆ ಯಜಮಾನರ ಕಡೆ ತಿರುಗಿದರು. ಯಜಮಾನರು ಬ್ಯಾಗನ್ನು ಮೇಜಿನ ಮೇಲೆ ಇಟ್ಟು ಕೈ ಕಟ್ಟಿ ನಿಂತಿದ್ದರು. ಬಿಟ್ಟುಕೊಡಲು ಬಂದವರ ಹಾಗೆ.

"ಇದೆಲ್ಲ ನೀವ್ ಹೇಳಿದ್ದಾ ಯಜಮಾನ್ರೇ?"

"ಹೌದು ಸಾಹೇಬ್ರೇ. ಹೈದ್ನ ಬೈಬ್ಯಾಡಿ. ನಾನು ಇನ್ನ ಕೌಂಟರಲ್ಲೇ..."

"ಮಿಲ್ಲೋರು ಏನಂದ್ರು?"

ನಾನು ಬಾಯಿ ಹಾಕಿದೆ: "ಮೂರ್ ಸಲ ಬ್ಯಾಡ ಅಂದ್ರು. ಆಮೇಲೆ ಸಹಿ ಹಾಕಿದ್ರು." ಪ್ರೂಫ್ ತೆಗೆದು ತೋರಿಸಿದೆ.

ಸಾಹೇಬರು ಸಹಿ ನೋಡಿದರು. ಪಟ್ಟಿ ನೋಡಿದರು. ಮತ್ತೆ ಸಹಿ ನೋಡಿದರು. ತುಟಿಯ ಒಂದು ಕೊನೆ ಅದುರಿತು. ಅಕ್ಕನನ್ನು ಕೇಳಿದರು: "ಬೆಳಗಿಂದ ಮೇಲಲ್ಲಿ ಎಷ್ಟ್ ಜನ ಉತ್ತರ ಬರ್ದವ್ರೆ?"

"ಏಳು ಜನ ಸಾರ್. ನಾಲ್ಕು ಜನ ಬೈದವ್ರೆ. ಇನ್ಮೂರು ಜನ ಪ್ರೂಫ್ ಮೇಲಲ್ಲಿ ಬೇಡ, ಯಜಮಾನ್ರನ್ನೇ ಕಳ್ಸಿ ಅಂದವ್ರೆ. ಬೈದೋರಲ್ಲೂ ಇಬ್ರು ಕೊನೇಲಿ ಅದೇ ಬರ್ದವ್ರೆ. ಮಿಕ್ಕವ್ರ ಬಗ್ಗೆ ಏನೇನ್ ಹೇಳವ್ರೆ ಅಂತ ಯಜಮಾನ್ರೇ ಬಂದು ಪೂರ್ತಿ ಹೇಳ್ಬೇಕಂತೆ."

ಸಾಹೇಬರು ಪಟ್ಟಿಯನ್ನು ಮಡಿಸಿದರು. "ನಮ್ಮಪ್ಪಂಗೆ ಇದೆಲ್ಲ ಬಾಯಲ್ಲಿತ್ತು. ನಂಗ್ ಗೊತ್ತಿಲ್ಲ. ಇಷ್ಟು ದಿನ ವಿಳಾಸ ಮಾತ್ರ ಇದ್ರೆ ಸಾಕು ಅಂದ್ಕೊಂಡಿದ್ದೆ" ಎಂದರು. ಬ್ಯಾಗನ್ನು ಮೇಜಿನ ಮೇಲಿಂದ ಯಜಮಾನರ ಕಡೆಗೆ ತಳ್ಳಿದರು. "ತಗೊಳ್ಳಿ ಇದನ್ನ. ಮೇಜೆಲ್ಲ ತೌಡಾಯ್ತು. ಮೇಲಲ್ಲಿ ಪ್ರೂಫ್ ಮೊದ್ಲು ಹೋಗ್ಲಿ, ಹಿಂದೇನೇ ನೀವ್ ಹೋಗಿ. ಈ ಮಹಾಶಯ ಮೂರು ತಿಂಗ್ಳು ನಿಮ್ ಜೊತೆ ಬ್ಯಾಗ್ ಹೊರ್ಲಿ. ಯಾರ್ಯಾರು ಏನೇನು ಅಂತ ಕಲೀಲಿ. ಕಲಿತಿದ್ದನ್ನ ಕಂಪ್ಯೂಟರಲ್ಲಿ ಒತ್ತಿದ್ರೆ ಬೆರಳ್ ಮುರೀತೀನಿ."

ಯಜಮಾನರು ಬ್ಯಾಗು ಎತ್ತಿಕೊಂಡರು. ಕಂಕುಳಿಗೆ ಸೇರಿಸಿಕೊಂಡು ಒಮ್ಮೆ ತಟ್ಟಿದರು, ಅಷ್ಟೆ.

ಸಾಹೇಬರು ಬಾಗಿಲ ಕಡೆ ತಿರುಗಿ ಎದುರಿನ ಅಂಗಡಿಗೆ ಕೂಗಿದರು: "ನಾಲ್ಕ್ ಟೀ ಕೊಡಪ್ಪಾ!"

ಕೂಗಿದ ಮೇಲೆ ಅವರಿಗೆ ಏನೋ ಹೊಳೆಯಿತು. ಕೈಯಲ್ಲಿದ್ದ ಪಟ್ಟಿಯನ್ನು ಬಿಡಿಸಿ ಕೊನೆಯ ಸಾಲಿಗೆ ಬೆರಳಿಟ್ಟು, ತಡವರಿಸುತ್ತಾ ಗಟ್ಟಿಯಾಗಿ ಓದಿದರು: "ಬೈದು... ಟೀ... ಕುಡಿಸೋರು." ಓದಿ ನಮ್ಮ ಮೂವರ ಮುಖವನ್ನೂ ನೋಡಿದರು. ಅಕ್ಕ ಮೊದಲು ನಕ್ಕಿದ್ದು. ಯಜಮಾನರು ಬ್ಯಾಗಿನಲ್ಲಿ ಮುಖ ಮುಚ್ಚಿಕೊಂಡರು. ಸಾಹೇಬರು, "ಬಿಸ್ಕತ್ತೂ ತಾ, ಅದನ್ಯಾಕೆ ಬಿಟ್ಟವ್ನೆ ಲಿಸ್ಟಲ್ಲಿ" ಎಂದು ಮತ್ತೆ ಕೂಗಿದರು.

ಮುಂದಿನ ಗುರುವಾರ ಗುಬ್ಬಿ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಪಕ್ಕ ಕೂತರು, ಬ್ಯಾಗು ನನ್ನ ತೊಡೆಯ ಮೇಲೆ. ಅದನ್ನು ನನ್ನ ಕೈಗೆ ಕೊಡುವ ಮುಂಚೆ ಎರಡು ಸಲ ಯೋಚಿಸಿದ್ದರು. ಅದರೊಳಗೆ ಹಾಗಲವಾಡಿಯ ಹೆಡ್ಮಾಸ್ಟರ ಉತ್ತರದ ಪ್ರಿಂಟ್ ಇತ್ತು. ಅವರು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಗುಬ್ಬಿಯ ಸೈಬರ್ ಕೆಫೆಯಲ್ಲಿ ನನ್ನ ಪತ್ರ ಓದಿ, ಕೆಂಪು ಅಕ್ಷರದಲ್ಲಿ ತಿದ್ದಿ, ನಲವತ್ತಮೂರು ಜನರಿಗೂ ವಾಪಸು ಕಳಿಸಿದ್ದರು. ಹದಿನಾಲ್ಕು ತಪ್ಪು. ಅಡ್ಡಹೆಸರಿನ ವಿಷಯ ಎತ್ತಿಯೇ ಇರಲಿಲ್ಲ.

"ಇವ್ರ್ ಹತ್ರ ಹೋದಾಗ ಏನ್ ಮಾಡ್ಬೇಕು ಯಜಮಾನ್ರೇ?" ಎಂದು ಕೇಳಿದೆ.

"ಪ್ರೂಫಲ್ಲಿ ಒಂದ್ ತಪ್ಪು ಬೇಕಂತ ಬುಟ್ಟಿರ್ಬೇಕು" ಎಂದರು ಅವರು ಹೊರಗೆ ನೋಡುತ್ತಾ. "ನಿನ್ನ ಕರ್ಕೊಂಡ್ ಹೋಗ್ತಿದೀನಲ್ಲ, ಅದೇ ಸಾಕು ಬುಡು."